ಮೊದಲು ತೂಬು, ಆಮೇಲೆ ಸಿಂಹಾಸನ: ಫ್ಯಾಂಟಸಿ ಲೋಕಕ್ಕೆ ಸರ್ಕಾರ ಕಟ್ಟುವ ಬಗೆ

ನಮ್ಮಕ್ಕನ ಮಗ ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದಾನೆ. ಹೋದ ಬೇಸಿಗೆಯಲ್ಲಿ ಒಂದು ದಪ್ಪ ನೋಟ್‌ಬುಕ್ ತಂದು ನನ್ನ ಮುಂದಿಟ್ಟ. ಫ್ಯಾಂಟಸಿ ಕಾದಂಬರಿಯ ತಯಾರಿಯಂತೆ. ಬಣ್ಣದ ನಕ್ಷೆ ಇತ್ತು. ಮೂರು ರಾಜವಂಶ, ಹದಿನಾಲ್ಕು ತಲೆಮಾರಿನ ಹೆಸರು, ಪ್ರತಿ ವಂಶಕ್ಕೂ ಒಂದೊಂದು ಲಾಂಛನ. ಒಬ್ಬ ರಾಜನ ಕಿರೀಟಕ್ಕೇ ಎರಡು ಪುಟ.

ನಾನು ಒಂದೇ ಪ್ರಶ್ನೆ ಕೇಳಿದೆ. "ಈ ಊರಲ್ಲಿ ನಡುರಾತ್ರಿ ಕೆರೆ ಏರಿ ಬಿರುಕು ಬಿಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕು?"

"ರಾಜನಿಗೆ ಹೇಳ್ತಾರೆ ಮಾಮ."

"ರಾಜ ಎಲ್ಲಿದ್ದಾನೆ?"

ನಕ್ಷೆ ಮೇಲೆ ಬೆರಳಿಟ್ಟು ಅಳೆದ. ಕುದುರೆ ಮೇಲೆ ಹೋದರೂ ಒಂಬತ್ತು ದಿನದ ದಾರಿ. ಅಷ್ಟರಲ್ಲಿ ಊರು ಕೊಚ್ಚಿಕೊಂಡು ಹೋಗಿರುತ್ತೆ, ಅಲ್ವಾ?

ಅವನನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನನ್ನ ಮೊದಲ ಕಥೆಯಲ್ಲೂ ಚಕ್ರವರ್ತಿ ಇದ್ದ, ಸೇನಾಪತಿ ಇದ್ದ, ನಡುವೆ ಯಾರೂ ಇರಲಿಲ್ಲ. ಆಮೇಲೆ ಊರಿನ ಕಡೆ ಕಣ್ಣು ಬಿಟ್ಟು ನೋಡಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಹುಟ್ಟಿದವರಿಗೆ ಸರ್ಕಾರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಕೆರೆ ಏರಿ ಮೇಲೆ ನಡೆದರೆ ಸಾಕು. ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕೆಳಗಿನಿಂದ ಮೇಲಕ್ಕೆ ಹತ್ತುವ ಕ್ರಮ ಇದು. ರಾಜ ಬರುವುದು ಕೊನೆಯಲ್ಲಿ.

ಉದಾಹರಣೆಗೆ ಒಂದು ಲೋಕವನ್ನೂ ಜೊತೆಜೊತೆಗೇ ಕಟ್ಟೋಣ. ಹೆಸರು ಕರೆಬಂಡೆ ಸೀಮೆ. ಪೂರ್ತಿ ಕಲ್ಪನೆ. ನದಿ ಇಲ್ಲ, ಬಂಡೆ ಜಾಸ್ತಿ, ನೂರಾರು ಕೆರೆ. ಅಲ್ಲಿ ಕೆಲವರಿಗೆ ಬಂಡೆಯ ಜೊತೆ ಮಾತಾಡುವ ಶಕ್ತಿ ಇದೆ. ಅವರನ್ನು ಕಲ್ಲುಮಾತಿನವರು ಎನ್ನುತ್ತಾರೆ. ಅವರು ಕರೆದರೆ ಬಂಡೆಯೊಳಗಿನ ನೀರು ಮೇಲೆ ಬರುತ್ತದೆ. ಆದರೆ ಒಂದು ಒರತೆ ಎಬ್ಬಿಸಿದರೆ ಮೂರು ದಿನ ಅವರ ಬಾಯಿಂದ ಮಾತೇ ಹೊರಡುವುದಿಲ್ಲ. ಈ ಮೂರು ದಿನವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಹಂತ 1: ಯಾವುದಕ್ಕೆ ಬರ ಎಂದು ಗೊತ್ತುಮಾಡಿಕೊಳ್ಳಿ

"ರಾಜಪ್ರಭುತ್ವವೋ, ಗಣರಾಜ್ಯವೋ?" ಎಂದು ಶುರು ಮಾಡಬೇಡಿ. ನಿಮ್ಮ ಲೋಕದಲ್ಲಿ ಯಾವುದು ಸಾಲುವುದಿಲ್ಲ ಎಂದು ಶುರು ಮಾಡಿ. ಸಾಲದ ವಸ್ತುವನ್ನು ಹಂಚುವವನ ಸುತ್ತಲೇ ಸರ್ಕಾರ ಬೆಳೆಯುತ್ತದೆ.

ನಮ್ಮ ಕಡೆ ಅದು ನೀರು. ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುವ ಪಿನಾಕಿನಿ, ಪಾಲಾರ್‌ಗಳಲ್ಲಿ ಮಳೆಗಾಲ ಕಳೆದರೆ ಮರಳು ಮಾತ್ರ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ನೆಲ ಇದು. ಅದಕ್ಕೇ ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಒಂದು ಕೆರೆ ತುಂಬಿ ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಇನ್ನೊಂದಕ್ಕೆ ಸೇರುವ ಹಾಗೆ ಸರಪಳಿ ಮಾಡಿದರು. ಸರಪಳಿ ಎಂದ ಮೇಲೆ ಮೇಲಿನ ಊರು, ಕೆಳಗಿನ ಊರು ಎಂದಾಯಿತು. ಮೇಲಿನವರು ಕೋಡಿ ಕಲ್ಲಿನ ಮೇಲೆ ಇನ್ನೊಂದು ಸಾಲು ಕಲ್ಲು ಏರಿಸಿದರೆ ಕೆಳಗಿನವರಿಗೆ ನೀರಿಲ್ಲ. ಕಳ್ಳತನ ಕೂಡ ಅಲ್ಲ ಅದು, ಬರೀ ಒಂದು ಸಾಲು ಕಲ್ಲು. ಹಾಗಾದರೆ ಎರಡೂ ಊರಿಗೆ ಸೇರದ ಒಬ್ಬ ಪಂಚಾಯ್ತಿದಾರ ಬೇಕು. ಸರ್ಕಾರ ಹುಟ್ಟುವುದೇ ಆ ಜಗಳದಲ್ಲಿ.

ಕೋಲಾರ ಜಿಲ್ಲೆಯಲ್ಲೇ ಬೇರೆ ಬಗೆಯ ಇನ್ನೊಂದು ಸರ್ಕಾರವೂ ಇತ್ತು. ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಮುಂದೆ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ಮನೆ, ಆಸ್ಪತ್ರೆ, ಕ್ಲಬ್ಬು, ಕಾವಲು ಎಲ್ಲದರಲ್ಲೂ ಕಂಪನಿಯ ಕೈ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ತಲುಪಿದ್ದು ಈ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಊರಿಗಿಂತ ಮೊದಲು ಚಿನ್ನಕ್ಕೆ ಬೆಳಕು! ನಿಮ್ಮ ಲೋಕದಲ್ಲಿ ರಾಜನೇ ಬೇಡ, ಒಂದು ಗಣಿ ಕಂಪನಿ ಆಳಲಿ ಎಂದುಕೊಂಡರೆ ಕೆಜಿಎಫ್ ಒಳ್ಳೆಯ ಮಾದರಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ನಂಬಿ ಕಟ್ಟಿದ ಸರ್ಕಾರ ಚಿನ್ನ ಕೈಬಿಟ್ಟ ದಿನ ಏನಾಗುತ್ತದೆ? ಅದೇ ಒಂದು ಕಾದಂಬರಿ.

ಈ ಹಂತದಲ್ಲಿ ಬರೆಯಬೇಕಾದ್ದು ಒಂದೇ ಸಾಲು: "ನನ್ನ ಲೋಕದಲ್ಲಿ ______ಗೆ ಬರ, ಅದನ್ನು ಹಂಚುವವರು ______."

ಹಂತ 2: ಎಲ್ಲರಿಗಿಂತ ಕೆಳಗಿನ ಅಧಿಕಾರಿಯನ್ನು ಮಾಡಿ

ನಾನು ಜಾಸ್ತಿ ಸಮಯ ಕಳೆಯುವುದು ಇಲ್ಲೇ. ನೀವೂ ಕಳೆಯಿರಿ.

ನಮ್ಮ ಕೆರೆಗಳಿಗೆ ನೀರುಗಂಟಿ ಎಂಬುವನಿದ್ದ. ತೂಬು (ಕೆರೆಯಿಂದ ನೀರು ಬಿಡುವ ಬಾಗಿಲು) ಎತ್ತುವುದು, ಇಳಿಸುವುದು, ಕಾಲುವೆ ನೋಡಿಕೊಳ್ಳುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವನ ಕೆಲಸ. ಅವನಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಧಾನ್ಯ ತೆಗೆದುಕೊಂಡು ಹೋಗುತ್ತಿದ್ದ. ಅದಕ್ಕೆ ಆಯ ಎನ್ನುತ್ತಿದ್ದರು. ಹೀಗೆ ಆಯ ಪಡೆಯುವವರು ಹನ್ನೆರಡು ಮಂದಿ ಎಂದು ಲೆಕ್ಕ: ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ ಹೀಗೆ. ಪಟ್ಟಿ ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ.

ನೀರುಗಂಟಿ ಸಾಮಾನ್ಯವಾಗಿ ದಲಿತರ ಮನೆಯವನು. ಊರಿನ ಬೆಳೆ ಅವನ ಕೈಯಲ್ಲಿ. ಆದರೆ ಊರಿನ ಬಾವಿಯನ್ನು ಅವನು ಮುಟ್ಟುವಂತಿರಲಿಲ್ಲ. ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿ. ಅಧಿಕಾರ ಬೇರೆ, ಮರ್ಯಾದೆ ಬೇರೆ. ಫ್ಯಾಂಟಸಿ ಬರೆಯುವವರು ಇದನ್ನು ಮರೆಯುತ್ತಾರೆ. ಅಧಿಕಾರ ಇದ್ದವನಿಗೆಲ್ಲ ರೇಷ್ಮೆ ಅಂಗಿ ಹೊದಿಸಿ ಕೂರಿಸುತ್ತಾರೆ. ನಿಜವಾದ ವ್ಯವಸ್ಥೆಯಲ್ಲಿ ತುಂಬಾ ಬೇಕಾದ ಕೆಲಸವನ್ನು ತುಂಬಾ ಕೀಳಾಗಿ ಕಂಡವರ ತಲೆಗೆ ಕಟ್ಟಿರುತ್ತಾರೆ. ನಿಮ್ಮ ಲೋಕದಲ್ಲಿ ಅಂಥವರು ಯಾರು? ಅವರು ಒಂದು ದಿನ "ನಾನು ತೂಬು ಎತ್ತಲ್ಲ" ಎಂದರೆ ಏನಾಗುತ್ತದೆ?

1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿತು. ಶಾನುಭೋಗ, ಪಟೇಲ ಹೋದರು. ಆದರೆ ನಲ್ಲಿ ಬಿಡುವ ಪಂಚಾಯ್ತಿ ನೌಕರನನ್ನು ಇವತ್ತಿಗೂ ನೀರುಗಂಟಿ ಎಂದೇ ಕರೆಯುತ್ತೇವೆ. ಅವನು ಎರಡು ದಿನ ಜ್ವರ ಬಂದು ಮಲಗಿದರೆ ಊರಿನ ಹೆಂಗಸರು ಕೊಡ ಹಿಡಿದು ಬಂದು ನಿಲ್ಲುವುದು ಅವನ ಮನೆ ಮುಂದೆ. ವಿಧಾನಸೌಧದ ಮುಂದೆ ಅಲ್ಲ.

ಕೆಲಸ ಹೀಗೆ ಮಾಡಿ. ನಿಮ್ಮ ಲೋಕದ ಒಬ್ಬ ತೀರಾ ಸಣ್ಣ ಅಧಿಕಾರಿಯನ್ನು ಆರಿಸಿಕೊಳ್ಳಿ. ಅವನ ಅಥವಾ ಅವಳ ಒಂದು ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಒಂದು ಪುಟದಲ್ಲಿ ಬರೆಯಿರಿ. ಯಾರಿಗೆ ಕೈಮುಗಿಯುತ್ತಾಳೆ, ಯಾರು ಅವಳಿಗೆ ಕೈಮುಗಿಯುತ್ತಾರೆ, ಯಾರು ಒಂದು ಸೇರು ಅವರೆಕಾಯಿ ತಂದುಕೊಟ್ಟು "ನಮ್ಮ ಗದ್ದೆಗೆ ಸ್ವಲ್ಪ ಮುಂಚೆ" ಎನ್ನುತ್ತಾರೆ, ಇದೆಲ್ಲ ಇರಲಿ. ಕರೆಬಂಡೆ ಸೀಮೆಯ ನೀರುಗಂಟಿ ಒಬ್ಬ ಮುದುಕಿ. ಅವಳ ಸೊಂಟದಲ್ಲಿ ತೂಬಿನ ಕಬ್ಬಿಣದ ಕೊಕ್ಕೆ. ಅದೇ ಅವಳ ರಾಜದಂಡ.

ಹಂತ 3: ಒಂದು ಖಂಡುಗ ರಾಗಿಯ ಹಿಂದೆ ನಡೆಯಿರಿ

ಇದು ಲೆಕ್ಕದ ಹಂತ. ಬೇಜಾರು ಮಾಡಿಕೊಳ್ಳಬೇಡಿ, ಮಜಾ ಇದೆ.

ಧಾನ್ಯದ ಹಳೆಯ ಅಳತೆಯಲ್ಲಿ ಒಂದು ಖಂಡುಗಕ್ಕೆ 20 ಕೊಳಗ. ಕರೆಬಂಡೆಯ ಒಬ್ಬ ರೈತನ ಕಣದಲ್ಲಿ ಒಂದು ಖಂಡುಗ ರಾಗಿ ಬಿದ್ದಿದೆ ಎನ್ನಿ. ಆಯದವರಿಗೆ 2 ಕೊಳಗ. ಕೆರೆ ರಿಪೇರಿಗೆ 1. ಊರ ದೇವರಿಗೆ 1. ಸೀಮೆಯ ನಾಯಕನಿಗೆ 6. ರೈತನಿಗೆ ಉಳಿದದ್ದು 10. ನಾಯಕ ತನ್ನ 6ರಲ್ಲಿ 4 ಇಟ್ಟುಕೊಂಡು 2 ಕೊಳಗವನ್ನು ರಾಜಧಾನಿಗೆ ಕಳಿಸಬೇಕು. ರಾಜಧಾನಿ ಒಂಬತ್ತು ದಿನದ ಕುದುರೆ ದಾರಿ. ಎತ್ತಿನ ಗಾಡಿಗೆ ಹದಿನೆಂಟು ದಿನವಾದರೂ ಬೇಕು. ದಾರಿಯಲ್ಲಿ ಗಾಡಿಯವನು ಉಣ್ಣಬೇಕು, ಎತ್ತುಗಳು ತಿನ್ನಬೇಕು, ಕಾವಲಿನವರಿಗೆ ಕೊಡಬೇಕು. ತಲುಪುವುದು ಒಂದು ಕೊಳಗವಾದರೆ ಪುಣ್ಯ.

ಈಗ ರಾಜನ ಜಾಗದಲ್ಲಿ ಕೂತು ಯೋಚಿಸಿ. ಇಪ್ಪತ್ತಕ್ಕೆ ಒಂದು ಬರುತ್ತಿದೆ. ಅವನು ಏನು ಹೇಳುತ್ತಾನೆ? "ರಾಗಿ ಬೇಡ ಕಣಯ್ಯಾ, ಅಲ್ಲೇ ಇಟ್ಟುಕೋ. ಯುದ್ಧ ಬಂದಾಗ ಐನೂರು ಆಳು, ಐವತ್ತು ಕುದುರೆ ತಗೊಂಡು ಬಾ." ಮುಗಿಯಿತು. ಆ ನಾಯಕ ಪಾಳೆಯಗಾರನಾದ. ನೀವು ಪಾಳೆಯಗಾರಿಕೆಯನ್ನು ಕಥೆಗೆ ಬಲವಂತವಾಗಿ ತರಬೇಕಾಗಿಲ್ಲ. ಗಾಡಿ ಬಾಡಿಗೆಯೇ ಅದನ್ನು ತರುತ್ತದೆ. ರಾಜಧಾನಿಯನ್ನು ಒಂದು ದಿನದ ದೂರಕ್ಕೆ ತಂದರೆ, ಅಥವಾ ದೊಡ್ಡ ನದಿ ಹರಿಸಿ ದೋಣಿ ಬಿಟ್ಟರೆ, ಇಡೀ ಲೆಕ್ಕ ಬದಲಾಗುತ್ತದೆ. ನಕ್ಷೆಯನ್ನು ಸುಮ್ನೆ ಚೆಂದಕ್ಕೆ ಬರೆಯಬಾರದು ಎನ್ನುವುದು ಇದಕ್ಕೇ.

ಅಳತೆಯ ಪಾತ್ರೆಯನ್ನೂ ಮರೆಯಬೇಡಿ. ತೆಗೆದುಕೊಳ್ಳುವಾಗ ಕೊಳಗದ ಮೇಲೆ ಗೋಪುರದ ಹಾಗೆ ರಾಶಿ ಏರಿಸಿ ಅಳೆಯುವುದು, ಕೊಡುವಾಗ ಬಾಯಿ ಮಟ್ಟಕ್ಕೆ ಸವರಿ ಅಳೆಯುವುದು. ಕಾನೂನು ಒಂದಕ್ಷರ ಬದಲಾಗಲಿಲ್ಲ, ತೆರಿಗೆ ಮಾತ್ರ ಏರಿತು. ನಿಮ್ಮ ಖಳನಾಯಕನಿಗೆ ಮಂತ್ರದಂಡಕ್ಕಿಂತ ಒಂದು ಕೊಳಗ ಕೊಡಿ. ಓದುಗನಿಗೆ ಹೊಟ್ಟೆ ಉರಿಯುತ್ತದೆ.

ಸರ್ಕಾರ ಹಣ ಇಲ್ಲದೆ ಸಂಬಳ ಹೇಗೆ ಕೊಡುತ್ತದೆ? ನಮ್ಮ ಶಾಸನಗಳಲ್ಲಿ ಉತ್ತರ ಇದೆ: ಭೂಮಿ ಕೊಟ್ಟು. ಕೆರೆ ಕಟ್ಟಿಸಿದವನಿಗೆ ಕಟ್ಟುಕೊಡಗೆ. ಊರಿಗಾಗಿ ಕಾದಾಡಿ ಸತ್ತವನ ಮನೆಯವರಿಗೆ ನೆತ್ತರುಕೊಡಗೆ. ಎಂಥ ಮಾತು ನೋಡಿ, ನೆತ್ತರಿಗೆ ಕೊಟ್ಟ ನೆಲ. ನಮ್ಮ ಊರುಗಳ ಹೊರಗೆ ಬೇಲಿಯಲ್ಲಿ ಮುಚ್ಚಿಹೋದ ವೀರಗಲ್ಲುಗಳಿವೆ. ತುರು ಹೊಡೆದುಕೊಂಡು ಹೋಗುವವರ ಜೊತೆ ಕಾದಾಡಿ ಸತ್ತವರ ಕಲ್ಲುಗಳೂ ಅವುಗಳಲ್ಲಿವೆ. ಫ್ಯಾಂಟಸಿಗೆ ಬೇಕಾದ ಮಹಾವೀರ ನಿಮ್ಮ ಹೊಲದ ಬದುವಿನಲ್ಲೇ ನಿಂತಿರಬಹುದು. ಅವನು ಸತ್ತದ್ದು ಸಿಂಹಾಸನಕ್ಕಲ್ಲ, ಹಸುಗಳಿಗೆ.

ಹಂತ 4: ನಡುವಿನವರನ್ನು ತುಂಬಿಸಿ

ಸರ್ಕಾರದ ಕಥೆ ರುಚಿಯಾಗುವುದು ನಡುವಿನವರಿಂದ. ಮೇಲಿನವನಿಗೆ ತಲೆಬಾಗುವ, ಕೆಳಗಿನವನ ತಲೆ ತಗ್ಗಿಸುವ ಜನ.

ಇದಕ್ಕೆ ಶಿರಾ ನೋಡಿ. ತುಮಕೂರು ಜಿಲ್ಲೆಯ ಶಿರಾ 1687ರಲ್ಲಿ ಮೊಘಲರ ಸುಬಾ, ಅಂದರೆ ಪ್ರಾಂತ್ಯ, ಆಯಿತು. ಅದರ ಕೆಳಗೆ ನೇರವಾಗಿ ಆಳುವ ಏಳು ಪರಗಣೆ: ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಇವಲ್ಲದೆ ಕಪ್ಪ ಕೊಡಬೇಕಾದ ಅರಸರು ಬೇರೆ: ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರು ಮುಂತಾದವರು. ಅಂದರೆ ಒಂದೇ ಸುಬಾದಲ್ಲಿ ಎರಡು ಬಗೆಯ ಆಳ್ವಿಕೆ. ಒಂದು ಕಡೆ ಅಧಿಕಾರಿ ಬಂದು ಲೆಕ್ಕ ಬರೆಯುತ್ತಾನೆ. ಇನ್ನೊಂದು ಕಡೆ ಅರಸ ತನ್ನಷ್ಟಕ್ಕೆ ತಾನು ಆಳುತ್ತಾನೆ, ಕಪ್ಪವನ್ನು ಮನಸ್ಸು ಬಂದಾಗ ಕೊಡುತ್ತಾನೆ. ಆಗ ಚಿಕ್ಕಬಳ್ಳಾಪುರ, ಗುಡಿಬಂಡೆ, ಮಧುಗಿರಿಯಂಥ ಕಡೆ ಬೆಟ್ಟದ ಮೇಲೆ ಕೋಟೆ ಕಟ್ಟಿಕೊಂಡ ಪಾಳೆಯಗಾರರ ಸಾಲೇ ಇತ್ತು. ಸೈನ್ಯ ಬಂದರೆ ಕಪ್ಪ, ಹೋದರೆ ಬೆಟ್ಟ.

ನಿಮ್ಮ ನಕ್ಷೆಗೆ ಒಂದೇ ಬಣ್ಣ ಬಳಿಯಬೇಡಿ. ಮೂರು ಬಣ್ಣ ಇಟ್ಟುಕೊಳ್ಳಿ: ನೇರ ಆಳ್ವಿಕೆ, ಕಪ್ಪದ ಸೀಮೆ, ಯಾರ ಮಾತೂ ನಡೆಯದ ಬೆಟ್ಟ. ಕಥೆ ಬೇಕಾದರೆ ಮೂರನೆಯ ಬಣ್ಣದ ಅಂಚಿಗೆ ಹೋಗಿ.

ಇನ್ನೊಂದು ಮಾತು. ರಾಜ್ಯ ಬದಲಾದಾಗ ಎಲ್ಲವನ್ನೂ ಬದಲಾಯಿಸುವ ಚಟ ಹೊಸಬರಿಗಿದೆ. ಕೋಲಾರವನ್ನೇ ನೋಡಿ. ಕುವಲಾಲ ಎಂಬ ಹೆಸರಲ್ಲಿ ಗಂಗರ ಮೊದಲ ರಾಜಧಾನಿ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರ, ಬಿಜಾಪುರ, ಷಹಾಜಿಯ ಜಹಗೀರು, ಮೊಘಲರು, ಹೈದರ್, ಮೈಸೂರು. ಹೈದರ್ ಹುಟ್ಟಿದ್ದೇ ಇಲ್ಲಿನ ಬೂದಿಕೋಟೆಯಲ್ಲಿ. ಇಷ್ಟು ಜನ ಬಂದು ಹೋದರೂ ತೂಬು ಎತ್ತುವ ಮನೆತನ ತೂಬು ಎತ್ತುತ್ತಲೇ ಇತ್ತು. ಗೆದ್ದವನಿಗೆ ಊರಿನ ಲೆಕ್ಕ ಗೊತ್ತಿರುವುದಿಲ್ಲ. ಲೆಕ್ಕ ಗೊತ್ತಿರುವ ಶಾನುಭೋಗನನ್ನು ಅವನು ಕೊಲ್ಲುವುದಿಲ್ಲ, ಹೆಸರು ಹಿಡಿದು ಕರೆಸುತ್ತಾನೆ.

ಹಂತ 5: ಹುದ್ದೆಗಳಿಗೆ ಹೆಸರಿಡಿ, ಆದರೆ ಒಂದೇ ನುಡಿಯಿಂದ ಬೇಡ

ಎಲ್ಲ ಹುದ್ದೆಗೂ ಮಹಾಮಂಡಲಾಧೀಶ್ವರ, ಮಹಾದಂಡನಾಯಕ ಎಂದು ಇಟ್ಟರೆ ಪೌರಾಣಿಕ ನಾಟಕದ ಪರದೆ ಕಂಡ ಹಾಗಿರುತ್ತದೆ. ನಿಜವಾದ ಕಚೇರಿಯ ಮಾತು ಮಣ್ಣಿನ ಪದರಗಳ ಹಾಗೆ. ಗೌಡ ಎಂಬುದು ಹಳೆಯ ಗಾವುಂಡದಿಂದ ಬಂತು. ಶಾನುಭೋಗ ಬಂದದ್ದು ಸೇನಬೋವನಿಂದ. ಜಿಲ್ಲೆ, ತಾಲೂಕು, ತಹಶೀಲ್ದಾರ್, ಜಮಾಬಂದಿ ಇವೆಲ್ಲ ಅರಬಿ, ಪಾರಸಿ ಕಡೆಯಿಂದ. ಆಮೇಲೆ ಇಂಗ್ಲಿಷಿನ ಡಿಸಿ, ಎಸಿ. "ಡಿಸಿ ಸಾಹೇಬರು ಜಮಾಬಂದಿಗೆ ಬರ್ತಾರೆ, ಗೌಡರಿಗೆ ಹೇಳು" ಎಂಬ ಒಂದು ವಾಕ್ಯದಲ್ಲಿ ಸಾವಿರ ವರ್ಷದ ಸರ್ಕಾರ ಇದೆ.

ನಿಮ್ಮ ಲೋಕಕ್ಕೂ ಮೂರು ಪದರ ಕೊಡಿ. ಹಳೆಯ ಜನ ಇಟ್ಟ ಹೆಸರು ಊರ ಮಟ್ಟದಲ್ಲಿ. ಗೆದ್ದವರ ಹೆಸರು ತೆರಿಗೆ ಮಟ್ಟದಲ್ಲಿ. ಈಗಿನವರ ಹೆಸರು ಮೇಲಿನ ಮಟ್ಟದಲ್ಲಿ. ಕರೆಬಂಡೆಯಲ್ಲಿ ತೂಬು, ಏರಿ, ಕೋಡಿ ಹಳೆಯ ಮಾತು. ತೆರಿಗೆಗೆ ಮಾತ್ರ "ಸರಖ್" ಎಂಬ ಅರ್ಥ ಗೊತ್ತಿಲ್ಲದ ಮಾತು. ಯಾರು ಯಾವಾಗ ಗೆದ್ದರು ಎಂದು ನಾನು ಎಲ್ಲೂ ಬರೆದಿಲ್ಲ. ಓದುವವರು ಊಹಿಸುತ್ತಾರೆ. ಕೋಲಾರದವರಿಗೆ ಇದು ಸುಲಭ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು, ಪೇಟೆಯಲ್ಲಿ ಉರ್ದು. ಅರ್ಜಿ ಬರೆಯುವ ಭಾಷೆ ಒಂದು, ಬೈಯುವ ಭಾಷೆ ಇನ್ನೊಂದು.

ಹಂತ 6: ಸುದ್ದಿ ಎಷ್ಟು ಬೇಗ ಓಡುತ್ತದೆ?

ಮೈಸೂರಿನ ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ, ಅಂದರೆ ಇಲಾಖೆಗಳಾಗಿ, ಹಂಚಿದರು. ಅಠಾರಾ (ಹದಿನೆಂಟು) ಕಚೇರಿ ಎಂಬ ಹೆಸರಿನ ಮೂಲ ಅದು. ಅವರ ಕಾಲದ ಅಂಚೆ ಇನ್ನೂ ಸ್ವಾರಸ್ಯ. ಅಂಚೆಯವನು ಪತ್ರ ತಲುಪಿಸುವುದಷ್ಟೇ ಅಲ್ಲ, ತನ್ನ ಸುತ್ತ ಏನು ನಡೆಯುತ್ತಿದೆ ಎಂದು ದೊರೆಗೆ ಗುಟ್ಟಾಗಿ ತಿಳಿಸಬೇಕಿತ್ತು. ಪತ್ರ ಹೊರುವವನೇ ಗೂಢಚಾರ. ಊರಿನವರೆಲ್ಲ ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟು ಮಾತಾಡಿಸುತ್ತಾರಲ್ಲ, ಅವನಿಗಿಂತ ಒಳ್ಳೆಯ ಗೂಢಚಾರ ಎಲ್ಲಿ ಸಿಗುತ್ತಾನೆ?

ನಿಮ್ಮ ಲೋಕದ ನಕ್ಷೆಯಲ್ಲಿ ರಾಜಧಾನಿಯಿಂದ ಒಂದು ದಿನ, ಮೂರು ದಿನ, ಒಂಬತ್ತು ದಿನದ ಗೆರೆ ಎಳೆಯಿರಿ. ಒಂಬತ್ತು ದಿನದ ಗೆರೆಯಲ್ಲಿರುವ ಅಧಿಕಾರಿ ಕೇಳಿ ಉತ್ತರ ಪಡೆಯಲು ಹದಿನೆಂಟು ದಿನ ಬೇಕು. ಆ ಹದಿನೆಂಟು ದಿನ ಅವನೇ ರಾಜ. ಅವನಿಗೆ ಗಲ್ಲು ಹಾಕುವ ಅಧಿಕಾರ ಇದೆಯೋ ಇಲ್ಲವೋ? ಉಗ್ರಾಣ ತೆರೆಯುವ ಅಧಿಕಾರ? ಬರೆದಿಡಿ.

ಈಗ ಎಚ್ಚರಿಕೆ. ಮಾಯಾ ಕನ್ನಡಿಯಲ್ಲಿ ಮುಖ ನೋಡಿ ಮಾತಾಡುವ ವಿದ್ಯೆಯನ್ನು ಎಲ್ಲರಿಗೂ ಕೊಟ್ಟಿದ್ದೀರಾ? ಹಾಗಾದರೆ ನಿಮ್ಮ ಪಾಳೆಯಗಾರರಿಗೆ ಕೆಲಸ ಇಲ್ಲ. ರಾಜ ದಿನಾ ಬೆಳಗ್ಗೆ ಕನ್ನಡಿ ಮುಂದೆ ಕೂತು ಎಲ್ಲರ ಲೆಕ್ಕ ಕೇಳುತ್ತಾನೆ. ವಿಡಿಯೊ ಕಾನ್ಫರೆನ್ಸ್ ಮಾಡುವ ಮುಖ್ಯಮಂತ್ರಿಯ ಹಾಗೆ. ಅದು ಬೇಕಾದರೆ ಇಟ್ಟುಕೊಳ್ಳಿ. ಆದರೆ ಕನ್ನಡಿಯೂ ಬೇಕು, ದೂರದ ಸೊಕ್ಕಿನ ಪಾಳೆಯಗಾರನೂ ಬೇಕು ಎಂದರೆ ನಡೆಯುವುದಿಲ್ಲ.

ಹಂತ 7: ಮಾಯೆಯನ್ನು ಕಂದಾಯದ ಪುಸ್ತಕಕ್ಕೆ ಸೇರಿಸಿ

ಕಲ್ಲುಮಾತಿನವರಿಗೆ ಬರೋಣ. ಬಂಡೆಯಿಂದ ನೀರು ತರಬಲ್ಲ ಜನ ಇದ್ದಾರೆ ಎಂದ ಮೇಲೆ ಸರ್ಕಾರ ಸುಮ್ಮನಿರುತ್ತದೆಯೇ? ಪಟ್ಟಿ ಮಾಡುತ್ತದೆ. ಯಾರ ಮನೆಯಲ್ಲಿ ಅಂಥ ಮಗು ಹುಟ್ಟಿದರೂ ಹೇಳಬೇಕು ಎನ್ನುತ್ತದೆ. ಲೈಸೆನ್ಸ್ ಕೊಡುತ್ತದೆ. ಕದ್ದು ಒರತೆ ಎಬ್ಬಿಸಿದವರಿಗೆ ದಂಡ. ಒಬ್ಬ ದೊಡ್ಡ ಜಮೀನ್ದಾರ ಇಬ್ಬರನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಅವನ ತೋಟ ಹಸಿರು, ಪಕ್ಕದ ಊರಿನ ಬಾವಿ ಒಣಗುತ್ತದೆ. ಬಂಡೆಯ ನೀರು ಒಂದೇ ಅಲ್ವಾ. ಸಾವಿರ ಅಡಿ ಬೋರು ಕೊರೆಸಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ ಮೂರು ದಿನದ ಮೌನ. ಕರೆಬಂಡೆಯಲ್ಲಿ ವರ್ಷಕ್ಕೊಮ್ಮೆ ಸಭೆ ನಡೆಯುತ್ತದೆ. ಅಲ್ಲಿ ಯಾರು ಬೇಕಾದರೂ ಎದ್ದು ದೂರು ಹೇಳಬಹುದು. ಕಾನೂನು ಅಷ್ಟು ಚೆನ್ನಾಗಿದೆ. ಆದರೆ ಪ್ರತಿ ವರ್ಷ ಸಭೆಯ ಹಿಂದಿನ ದಿನವೇ ನಾಯಕನ ಕಡೆಯಿಂದ ಕಲ್ಲುಮಾತಿನವರಿಗೆ ಕೆಲಸ ಬರುತ್ತದೆ. "ದೊಡ್ಡ ಕೆರೆಗೆ ಒರತೆ ಎಬ್ಬಿಸಿ, ಸಭೆಗೆ ಬಂದವರಿಗೆ ನೀರು ಬೇಕು." ಮಾರನೆಯ ದಿನ ಅವರು ಸಭೆಯಲ್ಲಿ ಮುಂದಿನ ಸಾಲಲ್ಲೇ ಕೂತಿರುತ್ತಾರೆ, ಬಾಯಿ ಬಾರದೆ. ನಡವಳಿ ಪುಸ್ತಕದಲ್ಲಿ ಗುಮಾಸ್ತ ಬರೆಯುತ್ತಾನೆ: "ಕಲ್ಲುಮಾತಿನವರ ಕಡೆಯಿಂದ ಯಾವ ದೂರೂ ಇಲ್ಲ."

ಮಾಯೆಗೆ ಬೆಲೆ ಇಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು, ಆ ಬೆಲೆಯನ್ನು ಸರ್ಕಾರ ಹೇಗೆ ಬಳಸಿಕೊಳ್ಳುತ್ತದೆ ಎಂದು ಯೋಚಿಸಿ.

ಹಂತ 8: ದೂರು ಎಲ್ಲಿ ಕೊಡಬೇಕು?

ನಮ್ಮಪ್ಪನ ಹೆಸರಲ್ಲಿ ಒಂದು ಒತ್ತಕ್ಷರ ಪಹಣಿಯಲ್ಲಿ ತಪ್ಪಾಗಿತ್ತು. ತಿದ್ದಿಸಲು ಒಂದು ಕಚೇರಿಗೆ ತಿಂಗಳುಗಟ್ಟಲೆ ಅಲೆದೆ. ಮೊದಲ ದಿನ ಸರ್ವರ್ ಇಲ್ಲ, ಎರಡನೆಯ ದಿನ ಸಾಹೇಬರಿಲ್ಲ, ಮೂರನೆಯ ದಿನ ಇಬ್ಬರೂ ಇದ್ದರು, ನನ್ನ ಹತ್ತಿರ ಒಂದು ಜೆರಾಕ್ಸ್ ಇರಲಿಲ್ಲ. ಬೈದುಕೊಂಡೇ ಮನೆಗೆ ಬಂದೆ. ಆದರೆ ಅಲ್ಲಿ ಬೆಂಚಿನ ಮೇಲೆ ಕೂತಾಗ ನನಗೊಂದು ಕಥೆ ಸಿಕ್ಕಿತು. ಹೆಸರು ಸರಿಯಾಗಿ ಬರೆದರೆ ಮಾತ್ರ ಭೂಮಿ ಯಜಮಾನನನ್ನು ಗುರುತಿಸುವ ಲೋಕ ಅದು. ಒಂದು ಒತ್ತು ತಪ್ಪಿದರೆ ಹೊಲ ಅವನನ್ನು ಒಳಗೇ ಬಿಡುವುದಿಲ್ಲ.

ಅಲೆದಾಟವನ್ನು ಬಿಡಬೇಡಿ. ಅದೂ ಸರ್ಕಾರವೇ. ಒಂದು ದೂರು ಯಾರ್ಯಾರ ಕೈ ದಾಟಬೇಕು, ಎಲ್ಲಿ ನಿಲ್ಲುತ್ತದೆ, ಯಾರಿಗೆ ಎಷ್ಟು ಕೊಟ್ಟರೆ ಮುಂದೆ ಹೋಗುತ್ತದೆ, ಇದನ್ನೆಲ್ಲ ಗೆರೆ ಎಳೆದು ತೋರಿಸಿ.

ಅರ್ಧ ಅಧಿಕಾರದ ಸಭೆಗಳು ಕಥೆಗೆ ಬಹಳ ಚೆನ್ನ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ 144 ಸದಸ್ಯರು. ಬಂದವರು ತಮ್ಮ ಸೀಮೆಯ ಕಷ್ಟ ಹೇಳಬಹುದಿತ್ತು. ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಮಾತಾಡಬಹುದು, ಮಾಡಿಸಲಾಗದು. ಒಂದು ಸಲ ಮಾತಾಡಲು ಬಿಟ್ಟ ಮೇಲೆ ಜನ ಅಲ್ಲಿಗೇ ನಿಲ್ಲುತ್ತಾರಾ? ಮುಂದೆ 1907ರಲ್ಲಿ ವಿಧಾನ ಪರಿಷತ್ತು ಬಂತು. ಅದೂ ಸಾಲಲಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿತು. ಜಗಳ ಶುರುವಾದದ್ದು ತೆರಿಗೆಗಲ್ಲ, ಒಂದು ಬಾವುಟಕ್ಕೆ. ಹೊರಗಿನಿಂದ ನೋಡುವವನಿಗೆ ಬಟ್ಟೆ ಚೂರು. ನಿಮ್ಮ ಲೋಕದ ಸರ್ಕಾರ ಯಾವ ಸಣ್ಣ ವಸ್ತುವಿಗೆ ಹೆದರುತ್ತದೆ? ಒಂದು ಹಾಡು, ಒಂದು ಬಗೆಯ ಪೇಟ, ಒಂದು ಮರದ ಕೆಳಗೆ ಸೇರುವುದು? ಅದನ್ನು ಆರಿಸಿಕೊಳ್ಳಿ. ದಂಗೆಯ ಅಧ್ಯಾಯ ತಾನಾಗಿ ಬರುತ್ತದೆ.

ಹಂತ 9: ಈಗ ಸಿಂಹಾಸನ

ಇದನ್ನು ಬೇಗ ಮುಗಿಸೋಣ. ಇಷ್ಟು ಹೊತ್ತಿಗೆ ರಾಜನ ಅರ್ಧ ಕೆಲಸ ಬೇರೆಯವರು ಮಾಡಿಯಾಗಿದೆ.

ರಾಜ ಇದ್ದಾಗ ಹೇಗೆ ಎನ್ನುವುದಕ್ಕಿಂತ ಸತ್ತ ಮಾರನೆಯ ದಿನ ಹೇಗೆ ಎಂದು ಬರೆಯಿರಿ. ಮುದ್ರೆ ಯಾರ ಕೈಯಲ್ಲಿ, ಬೊಕ್ಕಸದ ಬೀಗದ ಕೈ ಯಾರ ಹತ್ತಿರ, ಕೋಟೆ ಬಾಗಿಲು ಯಾರ ಮಾತಿಗೆ ತೆರೆಯುತ್ತದೆ? ಮೂರೂ ಒಬ್ಬನ ಕೈಯಲ್ಲಿದ್ದರೆ ಕಥೆ ಇಲ್ಲ. ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡಾಗ ಮಗ ಹತ್ತು ವರ್ಷದವ. ತಾಯಿ ವಾಣಿವಿಲಾಸ ಸನ್ನಿಧಾನ 1902ರವರೆಗೆ ಮಗನ ಪರವಾಗಿ ಆಳುವ ರೀಜೆಂಟ್ ಆಗಿದ್ದರು. ಅದಕ್ಕೂ ಹಿಂದೆ, 1831ರಿಂದ 1881ರವರೆಗೆ, ರಾಜ ಅರಮನೆಯಲ್ಲೇ ಇದ್ದರೂ ಆಳಿದ್ದು ಬ್ರಿಟಿಷ್ ಕಮಿಷನರ್‌ಗಳು. ಐವತ್ತು ವರ್ಷ! ಖಾಲಿ ಸಿಂಹಾಸನಕ್ಕಿಂತ ಕೂತೂ ಕೂರದ ಸಿಂಹಾಸನ ಜಾಸ್ತಿ ರೋಚಕ.

ರಾಜನನ್ನು ಜನ ಯಾಕೆ ಒಪ್ಪುತ್ತಾರೆ ಎಂಬುದಕ್ಕೂ ಒಂದು ದೃಶ್ಯ ಬೇಕು. ನಮ್ಮ ಕಡೆ ಕೆರೆ ತುಂಬಿ ಕೋಡಿ ಬಿದ್ದರೆ ಗಂಗಮ್ಮನಿಗೆ ಪೂಜೆ, ಬಾಗಿನ. ಬಾಗಿನ ಬಿಡುವವನೇ ಊರಿನ ದೊಡ್ಡವನು. ಹಾಗಾಗಿ ಕೆರೆ ತುಂಬುವ ಮೊದಲೇ ಯಾರು ಬಾಗಿನ ಬಿಡಬೇಕು ಎಂಬ ಲೆಕ್ಕಾಚಾರ ಶುರು. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ರಾಜಧಾನಿ ಬಳಸಿ ಬಿಟ್ಟ ನೀರು ಬಯಲುಸೀಮೆಗೆ ಭಾಗ್ಯವಾಗಿ ಬರುವುದು, ಅದಕ್ಕೆ ಜನ ಖುಷಿಪಡುವುದು, ಹೆದರುವುದು, ಎರಡೂ ಒಟ್ಟಿಗೇ. ಇಂಥದ್ದನ್ನು ಯಾವ ಫ್ಯಾಂಟಸಿಯಲ್ಲಿ ಓದಿದ್ದೀರಿ?

ಹಂತ 10: ಏರಿ ಒಡೆಯಿರಿ

ಕಟ್ಟಿದ್ದು ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡಲು ಮೂವರು ಗೆಳೆಯರನ್ನು ಕರೆಯಿರಿ. ಒಬ್ಬನು ನೀರುಗಂಟಿ, ಒಬ್ಬನು ನಾಯಕ, ಒಬ್ಬನು ರಾಜ. ನೀವು ಮಳೆ. "ನಡುರಾತ್ರಿ, ಏರಿಯಲ್ಲಿ ಬಿರುಕು" ಎಂದು ಹೇಳಿ ಸುಮ್ಮನೆ ಕೂತುಬಿಡಿ. ಪ್ರತಿಯೊಬ್ಬನೂ ತನಗೆ ಗೊತ್ತಾದದ್ದರ ಮೇಲೆ ಮಾತ್ರ ತೀರ್ಮಾನ ಮಾಡಬೇಕು. ರಾಜನ ಪಾತ್ರದವನಿಗೆ ಒಂಬತ್ತನೆಯ ದಿನದವರೆಗೆ ಏನೂ ಹೇಳುವಂತಿಲ್ಲ. ಅವನು ಟೀ ಕುಡಿಯುತ್ತಿರಲಿ.

ಇದನ್ನು ಮೂರು ಸಲ ಆಡಿ. ಮೊದಲು ಏರಿ ಒಡೆಯುವುದು. ಎರಡನೆಯದು ಎರಡು ವರ್ಷ ಮಳೆ ಇಲ್ಲದಿರುವುದು. ಮೂರನೆಯದು ನಾಯಕ ಕಪ್ಪ ಕೊಡಲ್ಲ ಎನ್ನುವುದು. ಎಲ್ಲಿ "ಈಗ ಯಾರು ಹೇಳಬೇಕು?" ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೋ ಅಲ್ಲಿ ಒಂದು ಹುದ್ದೆ ಬಿಟ್ಟುಹೋಗಿದೆ. ಎಲ್ಲಿ ಇಬ್ಬರೂ "ನಾನು ಹೇಳಿದ್ದೇ ಆಗಬೇಕು" ಎನ್ನುತ್ತಾರೋ ಅಲ್ಲಿ ನಿಮ್ಮ ಕಥೆ ಇದೆ. ಮೊದಲನೆಯದನ್ನು ತಿದ್ದಿ, ಎರಡನೆಯದನ್ನು ತಿದ್ದಬೇಡಿ.

ಅಕ್ಕನ ಮಗನೂ ಹಾಸ್ಟೆಲಿನಲ್ಲಿ ಇದನ್ನು ಆಡಿಸಿದನಂತೆ. ನೀರುಗಂಟಿ ಆದ ಹುಡುಗ ತೂಬು ಎತ್ತಿ ಕೆರೆ ಖಾಲಿ ಮಾಡಿ ಏರಿ ಉಳಿಸಿದ. ಆದರೆ ಕೆಳಗಿನ ಗದ್ದೆಗಳೆಲ್ಲ ಮುಳುಗಿದವು. ನಾಯಕ ಬಂದು ಅವನನ್ನು ಕಟ್ಟಿಹಾಕಿಸಿದ. ರಾಜನಾದವನು ನಿದ್ದೆ ಹೋಗಿದ್ದ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬಂತು.

"ಮಾಮ, ಮುಳುಗಿದ ಗದ್ದೆಯವರ ಕಂದಾಯ ಮಾಫಿ ಮಾಡೋಕೆ ಯಾರಿಗೆ ಅಧಿಕಾರ ಇದೆ?"

"ನಿನ್ನ ಲೋಕ ಅದು. ನೀನೇ ಹೇಳಬೇಕು."

"ಶಾನುಭೋಗ ಒಬ್ಬ ಬೇಕು ಹಂಗಾದ್ರೆ," ಎಂದ. ಆ ಕಡೆ ಪುಟ ತಿರುಗಿಸುವ ಸದ್ದು ಕೇಳಿಸಿತು.